ಎಚ್‌ಎಂಟಿ ಗಡಿಯಾರ ಮರಳಿ ಬರುವುದೇ?

ಮುಚ್ಚಿದ ಕಾರ್ಖಾನೆ ಮತ್ತೆ ತೆರೆಯುತ್ತದಂತೆ ಎಂಬ ಸುದ್ದಿಗೆ ನಮ್ಮಲ್ಲಿ ಕಿವಿಗೊಡುವವರು ಯಾವತ್ತೂ ಇರುತ್ತಾರೆ. ಎಚ್‌ಎಂಟಿ ಕೈಗಡಿಯಾರದ ವಿಷಯದಲ್ಲಿ ಈ ಮಾತು ಇನ್ನಷ್ಟು ನಿಜ. ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟದ್ದು 2016ರ ಜನವರಿಯಲ್ಲಿ. ಅಂದಿನಿಂದ ಇಂದಿನವರೆಗೆ ಅದು ಮತ್ತೆ ಬರುತ್ತದೆಯೇ, ಯಾವಾಗ ಬರುತ್ತದೆ, ಹಳೆಯ ‘ಜನತಾ’ ಸಿಗುತ್ತದೆಯೇ ಎಂಬ ಚರ್ಚೆ ನಿಂತಿಲ್ಲ. ಮಂತ್ರಿಯೊಬ್ಬರು ಒಂದು ಮಾತಾಡಿದರೆ ಸಾಕು, ನಿರೀಕ್ಷೆ ಮತ್ತೆ ಚಿಗುರುತ್ತದೆ. ಈ ನಿರೀಕ್ಷೆಯಲ್ಲಿ ಪ್ರೀತಿ ಇದೆ. ಆದರೆ ಮರಳಿ ಬರಬೇಕಾದದ್ದು ಏನು ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಗಡಿಯಾರವೇ? ಅದರ ಮೇಲಿನ ಹೆಸರೇ? ಅಥವಾ ಅದನ್ನು ತಯಾರಿಸುತ್ತಿದ್ದವರ ಬದುಕೇ? ಉತ್ತರ ಬೇಕಾದರೆ ಈ ಗಡಿಯಾರದ ಚರಿತ್ರೆಯನ್ನು ಮೊದಲಿನಿಂದ ನೋಡಬೇಕು.

ಕೈಗೆ ಬಂದ ಕಾಲ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಮಯ ಎಂಬುದು ಬಹಳ ಕಾಲ ಊರಿನ ಸ್ವತ್ತಾಗಿತ್ತೇ ಹೊರತು ಒಬ್ಬೊಬ್ಬರ ಸ್ವತ್ತಾಗಿರಲಿಲ್ಲ. ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯ ಕಬ್ಬಿನ ಹೊಲದಲ್ಲಿ ದುಡಿಯುವವನಿಗೆ ಕೋಳಿಯ ಕೂಗು, ನೆತ್ತಿಯ ಮೇಲಿನ ಬಿಸಿಲು, ಗುಡಿಯ ಗಂಟೆ ಮತ್ತು ಮಸೀದಿಯ ಬಾಂಗೇ ಗಡಿಯಾರ. ಗಿರಣಿ ಇದ್ದ ಊರುಗಳಲ್ಲಿ ಭೋಂಗಾ ಇತ್ತು. ಅದು ಕೂಗಿದರೆ ಕೂಲಿಗೂ ಗೊತ್ತು, ಮನೆಯಲ್ಲಿ ರೊಟ್ಟಿ ಬಡಿಯುವ ತಾಯಿಗೂ ಗೊತ್ತು. ಕೈಗೆ ಗಡಿಯಾರ ಕಟ್ಟುವವರು ಎಂದರೆ ಮಾಮಲೇದಾರರು, ಮಾಸ್ತರರು, ಸಾಹುಕಾರರು.

ಆ ಗಡಿಯಾರಗಳು ಹೊರದೇಶದವು. ಸ್ವಿಜರ್ಲೆಂಡಿನ ಫಾವ್ರ್ ಲ್ಯೂಬಾ ಕಂಪನಿ 19ನೇ ಶತಮಾನದಲ್ಲೇ ಮುಂಬಯಿಗೆ ಬಂದಿತ್ತು. ವೆಸ್ಟ್ ಎಂಡ್ ಗಡಿಯಾರಗಳನ್ನು ಬ್ರಿಟಿಷ್ ಕಾಲದ ಸಿಪಾಯಿಗಳೂ ರೈಲ್ವೆಯವರೂ ಕಟ್ಟುತ್ತಿದ್ದರು. ಸ್ವಾತಂತ್ರ್ಯದ ನಂತರ ವಿದೇಶಿ ವಿನಿಮಯದ ಕೊರತೆಯಿಂದ ಆಮದಿನ ಮೇಲೆ ಬಿಗಿ ನಿರ್ಬಂಧ ಬಂದಾಗ ಕಳ್ಳಸಾಗಣೆ ಬೆಳೆಯಿತು. ಚಿನ್ನದ ಬಿಸ್ಕತ್ತಿನ ಜೊತೆಗೆ ಕೈಗಡಿಯಾರವೂ ಸಮುದ್ರದ ದಾರಿಯಲ್ಲಿ ಬಂದು ದಡ ಸೇರುತ್ತಿತ್ತು. ಸಮಯ ತಿಳಿಯಬೇಕೆಂಬ ಸಣ್ಣ ಆಸೆಗೂ ಈ ದೇಶದವನು ಕಳ್ಳ ಮಾಲನ್ನು ಹುಡುಕಬೇಕಾದ ಸ್ಥಿತಿ ಅದು.

ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಅಂದರೆ ಎಚ್‌ಎಂಟಿ, 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ್ದು ಗಡಿಯಾರಕ್ಕಾಗಿ ಅಲ್ಲ. ಸ್ವಿಸ್ ಕಂಪನಿ ಓರ್ಲಿಕಾನ್‌ನ ಸಹಕಾರದಲ್ಲಿ ಲೇತ್ ಮುಂತಾದ ಯಂತ್ರೋಪಕರಣ ಮಾಡುವುದು ಅದರ ಕೆಲಸ. ಯಂತ್ರಗಳನ್ನು ಮಾಡುವ ಯಂತ್ರ ನಮ್ಮಲ್ಲೇ ತಯಾರಾದರೆ ಮಾತ್ರ ಕೈಗಾರಿಕೆ ಬೆಳೆಯುತ್ತದೆ ಎಂಬುದು ನೆಹರೂ ಕಾಲದ ನಂಬಿಕೆ. ಕೂದಲೆಳೆಯಷ್ಟು ನಿಖರವಾಗಿ ಲೋಹ ಕತ್ತರಿಸುವ ಕಲೆ ಗೊತ್ತಾದವರಿಗೆ ಗಡಿಯಾರ ದೂರದ್ದಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ನೆರವಿನಿಂದ ಗಡಿಯಾರ ವಿಭಾಗ ಆರಂಭವಾಯಿತು. ಮೊದಲ ಗಡಿಯಾರಗಳನ್ನು ನೆಹರೂ ಅವರೇ ಬಿಡುಗಡೆ ಮಾಡಿದರು.

ಆಮೇಲೆ ಬಂದ ಹೆಸರುಗಳನ್ನು ನೋಡಿ: ಜನತಾ, ಪೈಲಟ್, ಜವಾನ್, ಸೋನಾ, ಕೊಹಿನೂರ್, ಕಾಂಚನ್. ಒಂದು ಹೊಸ ದೇಶ ತನ್ನನ್ನು ಹೇಗೆ ಕಾಣಲು ಬಯಸಿತ್ತು ಎಂಬುದು ಈ ಹೆಸರುಗಳಲ್ಲೇ ಇದೆ. ಮುಳ್ಳುಗಳನ್ನು ಮುಟ್ಟಿ ಸಮಯ ತಿಳಿಯುವಂತೆ ಅಂಧರಿಗಾಗಿ ಬ್ರೈಲ್ ಗಡಿಯಾರವನ್ನೂ ಎಚ್‌ಎಂಟಿ ಮಾಡಿತು. ಜೇಬಿನಲ್ಲಿಡುವ ಗಡಿಯಾರವನ್ನೂ ಮಾಡಿತು.

‘ಜನತಾ’ದ ಮುಖದ ಮೇಲೆ 17 ಜ್ಯುವೆಲ್ಸ್ ಎಂದು ಬರೆದಿರುತ್ತಿತ್ತು. ಒಳಗೆ ಹದಿನೇಳು ರತ್ನಗಳಿವೆ ಎಂದು ನಂಬಿದ ಹಳ್ಳಿಗರು ಎಷ್ಟೋ ಮಂದಿ. ಅವು ಕೃತಕ ಮಾಣಿಕ್ಯದ ಸಣ್ಣ ಕಲ್ಲುಗಳು. ಚಕ್ರದ ಅಚ್ಚುಗಳು ಸವೆಯದಂತೆ ಅವುಗಳ ತುದಿಗೆ ಆಸರೆಯಾಗಿ ಕೂರುವಂಥವು. ಬೆಳಿಗ್ಗೆ ಕೀಲಿ ಕೊಟ್ಟರೆ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ. ಅದು ಬಿಚ್ಚಿಕೊಳ್ಳುವ ಶಕ್ತಿಯನ್ನು ಒಂದು ತೂಗುಚಕ್ರ ಲೆಕ್ಕ ಹಾಕಿ ಬಿಡುತ್ತದೆ. ಸೆಕೆಂಡಿಗೆ ಐದು ಬಡಿತ, ಗಂಟೆಗೆ 18,000 ಬಡಿತ. ಬ್ಯಾಟರಿ ಇಲ್ಲ. ಕೆಟ್ಟರೆ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ಮತ್ತೆ ಜೋಡಿಸಬಹುದು.

ಈ ಕೊನೆಯ ಮಾತು ಮುಖ್ಯ. ಎಚ್‌ಎಂಟಿ ಕಾರ್ಖಾನೆಯ ಗೋಡೆಯಾಚೆ ಇನ್ನೊಂದು ಕಸುಬನ್ನು ಸಾಕಿತು. ನಮ್ಮ ಸಣ್ಣ ಪೇಟೆಗಳ ಬಸ್ ನಿಲ್ದಾಣದ ಎದುರು, ಮಸೀದಿಯ ಮಳಿಗೆ ಸಾಲಿನಲ್ಲಿ, ಒಂದು ಗಾಜಿನ ಪೆಟ್ಟಿಗೆ, ಒಂದು ಚಿಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಒಂದು ಮಸೂರ ಇಟ್ಟುಕೊಂಡು ಕೂತ ರಿಪೇರಿಯವರ ಬದುಕು ನಡೆದದ್ದು ಈ ಗಡಿಯಾರದಿಂದ. ಕರ್ನಾಟಕದ ಹಲವು ಊರುಗಳಲ್ಲಿ ಈ ಕಸುಬಿನಲ್ಲಿ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದರು. ತಂದೆಯ ಪಕ್ಕದಲ್ಲಿ ಕೂತು ಮಗ, ಉಸ್ತಾದರ ಪಕ್ಕದಲ್ಲಿ ಕೂತು ಶಿಷ್ಯ ಕಲಿಯುತ್ತಿದ್ದ ವಿದ್ಯೆ ಅದು. ಮದುವೆಯಲ್ಲಿ ಅಳಿಯನಿಗೆ ಕೊಡುವ ಗಡಿಯಾರ, ನಿವೃತ್ತಿಯ ದಿನ ಮಾಸ್ತರರ ಕೈಗೆ ಕಟ್ಟುವ ಗಡಿಯಾರ, ಎಸೆಸೆಲ್ಸಿ ಪಾಸಾದ ಮಗನಿಗೆ ಅಪ್ಪ ಬಿಚ್ಚಿಕೊಟ್ಟ ಗಡಿಯಾರ, ಎಲ್ಲವೂ ಒಂದಲ್ಲ ಒಂದು ದಿನ ಆ ಗಾಜಿನ ಪೆಟ್ಟಿಗೆಯ ಮುಂದೆ ಬರುತ್ತಿದ್ದವು.

ಜಾಲಹಳ್ಳಿಯಿಂದ ಜೈನಕೋಟಿಗೆ

ಬೇಡಿಕೆ ಬೆಳೆದಂತೆ ಕಾರ್ಖಾನೆಗಳೂ ಬೆಳೆದವು. 1970ರ ದಶಕದಲ್ಲಿ ಶ್ರೀನಗರದ ಹೊರವಲಯದ ಜೈನಕೋಟಿನಲ್ಲಿ, ಆ ದಶಕದ ಕೊನೆಗೆ ನಮ್ಮ ತುಮಕೂರಿನಲ್ಲಿ, 1980ರ ದಶಕದಲ್ಲಿ ಇಂದಿನ ಉತ್ತರಾಖಂಡದ ರಾಣೀಬಾಗ್‌ನಲ್ಲಿ ಘಟಕಗಳು ತಲೆಯೆತ್ತಿದವು. ಜಾಲಹಳ್ಳಿಯಲ್ಲಿ ಕಾರ್ಖಾನೆಯ ಜೊತೆಗೆ ವಸತಿ, ಶಾಲೆ, ಆಸ್ಪತ್ರೆ, ಆಟದ ಮೈದಾನ ಬಂದವು. ಬೇರೆ ಬೇರೆ ಭಾಷೆ, ಜಾತಿ, ಧರ್ಮದವರು ಒಂದೇ ಸಾಲಿನ ಕ್ವಾರ್ಟರ್ಸ್‌ಗಳಲ್ಲಿ ಬದುಕಿದರು. ಸಾರ್ವಜನಿಕ ಉದ್ಯಮ ಎಂದರೆ ಲಾಭ ನಷ್ಟದ ಪಟ್ಟಿ ಮಾತ್ರವಲ್ಲ, ಹೊಸ ರೀತಿಯ ನೆರೆಹೊರೆಯೂ ಹೌದು ಎಂಬುದಕ್ಕೆ ಈ ಬಡಾವಣೆಗಳು ಸಾಕ್ಷಿ.

ಶ್ರೀನಗರದ ಕತೆ ಬೇರೆ ದಾರಿ ಹಿಡಿಯಿತು. ಬೆಂಗಳೂರಿನ ಕಂಪನಿಯೊಂದು ಕಾಶ್ಮೀರದ ಯುವಕರಿಗೆ ಸೂಕ್ಷ್ಮ ಯಂತ್ರವಿದ್ಯೆ ಕಲಿಸಿದ ಆ ಪ್ರಯೋಗ 1990ರಲ್ಲಿ ನೆತ್ತರಿನಲ್ಲಿ ಮುಳುಗಿತು. ಆ ವರ್ಷದ ಏಪ್ರಿಲ್‌ನಲ್ಲಿ ಉಗ್ರಗಾಮಿಗಳು ಎಚ್‌ಎಂಟಿ ಘಟಕದ ಜನರಲ್ ಮ್ಯಾನೇಜರ್ ಎಚ್.ಎಲ್. ಖೇರಾ ಅವರನ್ನೂ ಕಾಶ್ಮೀರ ವಿಶ್ವವಿದ್ಯಾಲಯದ ಕುಲಪತಿ, ಇಸ್ಲಾಮೀ ಅಧ್ಯಯನದ ವಿದ್ವಾಂಸ ಮುಶೀರುಲ್ ಹಕ್ ಅವರನ್ನೂ ಅಪಹರಿಸಿ ಕೊಂದರು. ಒಬ್ಬರು ದುಡಿಮೆಯನ್ನು ಕೊಡುತ್ತಿದ್ದವರು, ಇನ್ನೊಬ್ಬರು ವಿದ್ಯೆಯನ್ನು. ಒಬ್ಬರು ಹಿಂದೂ, ಇನ್ನೊಬ್ಬರು ಮುಸ್ಲಿಮ್. ಕೊಂದ ಕೈಗಳು ಈ ಭೇದ ಎಣಿಸಲಿಲ್ಲ. ಆ ಘಟಕ ಮತ್ತೆ ಮೊದಲಿನಂತೆ ನಡೆಯಲಿಲ್ಲ. ಆದರೂ ಆ ಪ್ರದೇಶವನ್ನು ಶ್ರೀನಗರದ ಜನ ‘ಎಚ್‌ಎಂಟಿ’ ಎಂದೇ ಕರೆಯುತ್ತಾರೆ. ಕಾರ್ಖಾನೆ ಹೋದರೂ ಹೆಸರು ಉಳಿಯಿತು.

ಹರಳು ಬಂದಾಗ

ಎಚ್‌ಎಂಟಿ ಸೋತದ್ದು ಹೇಗೆ? ಸರ್ಕಾರಿ ಸೋಮಾರಿತನ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರಿದ್ದಾರೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

1969ರ ಡಿಸೆಂಬರ್‌ನಲ್ಲಿ ಜಪಾನಿನ ಸೈಕೋ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಸಣ್ಣ ಬ್ಯಾಟರಿಯ ವಿದ್ಯುತ್ತಿನಿಂದ ಸ್ಫಟಿಕದ ಹರಳು ನಿಗದಿತ ವೇಗದಲ್ಲಿ ಕಂಪಿಸುತ್ತದೆ. ಇಂದಿನ ಸಾಮಾನ್ಯ ಗಡಿಯಾರದಲ್ಲಿ ಅದು ಸೆಕೆಂಡಿಗೆ 32,768 ಸಲ. ಐದು ಬಡಿತದ ‘ಜನತಾ’ ಇದರ ನಿಖರತೆಯ ಹತ್ತಿರ ಸುಳಿಯಲಾರದು. ಮೊದಲು ಬಲು ದುಬಾರಿಯಾಗಿದ್ದ ಈ ಗಡಿಯಾರ ಹತ್ತೇ ವರ್ಷದಲ್ಲಿ ಅಗ್ಗವಾಯಿತು. ಸ್ವಿಜರ್ಲೆಂಡಿನಂಥ ಸ್ವಿಜರ್ಲೆಂಡೇ ತತ್ತರಿಸಿತು. 1970ರಲ್ಲಿ ಸುಮಾರು 90 ಸಾವಿರ ಜನ ದುಡಿಯುತ್ತಿದ್ದ ಅಲ್ಲಿನ ಗಡಿಯಾರ ಉದ್ಯಮದಲ್ಲಿ 1980ರ ದಶಕದ ಮಧ್ಯಭಾಗಕ್ಕೆ ಅದರ ಅರ್ಧಕ್ಕಿಂತಲೂ ಕಡಿಮೆ ಜನ ಉಳಿದಿದ್ದರು. 1983ರಲ್ಲಿ ಬಂದ ಸ್ವಾಚ್ ಎಂಬ ಅಗ್ಗದ ಪ್ಲಾಸ್ಟಿಕ್ ಗಡಿಯಾರ ಆ ಉದ್ಯಮಕ್ಕೆ ಮತ್ತೆ ಉಸಿರು ಕೊಟ್ಟಿತು. ಕೀಲಿಯ ಗಡಿಯಾರ ಅಲ್ಲಿ ಶ್ರೀಮಂತರ ಒಡವೆಯಾಗಿ ಬದುಕಿಕೊಂಡಿತು.

ಎಚ್‌ಎಂಟಿಗೆ ಕ್ವಾರ್ಟ್ಜ್ ಗೊತ್ತಿರಲಿಲ್ಲ ಎನ್ನುವುದು ತಪ್ಪು. 1980ರ ದಶಕದ ಆರಂಭದಲ್ಲೇ ಅದು ಕ್ವಾರ್ಟ್ಜ್ ಗಡಿಯಾರ ಮಾಡಿತ್ತು. ಆದರೆ ಅದರ ಬಲವೂ ಬಂಡವಾಳವೂ ಕೀಲಿಯ ಗಡಿಯಾರದಲ್ಲಿ ಹೂಡಿಕೆಯಾಗಿದ್ದವು. ಟಾಟಾ ಸಂಸ್ಥೆ ಮತ್ತು ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ 1984ರಲ್ಲಿ ಕಟ್ಟಿದ ಟೈಟಾನ್, ಬೆಂಗಳೂರಿನ ಮಗ್ಗುಲಲ್ಲೇ ಇರುವ ಹೊಸೂರಿನಲ್ಲಿ ಕಾರ್ಖಾನೆ ತೆರೆದು, ಕ್ವಾರ್ಟ್ಜ್ ಒಂದನ್ನೇ ನೆಚ್ಚಿತು. 1987ರಲ್ಲಿ ಬೆಂಗಳೂರಿನ ಸಫೀನಾ ಪ್ಲಾಜಾದಲ್ಲಿ ಅದರ ಮೊದಲ ಮಳಿಗೆ ಬಂತು. ಜೆರ್ಕ್ಸಿಸ್ ದೇಸಾಯಿಯವರ ನೇತೃತ್ವದ ಕಂಪನಿ ಗಡಿಯಾರವನ್ನು ಅಗತ್ಯದ ವಸ್ತುವಿನಿಂದ ಅಂದದ ವಸ್ತುವಾಗಿ ಬದಲಿಸಿತು. ಕೊಳ್ಳುವವರು ಸಾಲು ನಿಲ್ಲುತ್ತಿದ್ದ ಕಾಲದಲ್ಲಿ ಬೆಳೆದ ಎಚ್‌ಎಂಟಿಗೆ ಕೊಳ್ಳುವವರನ್ನು ಕರೆಯುವ ರೂಢಿಯೇ ಇರಲಿಲ್ಲ.

1991ರ ನಂತರ ಮಾರುಕಟ್ಟೆ ತೆರೆದಾಗ ಉಳಿದದ್ದೂ ಕುಸಿಯಿತು. 2000ದಲ್ಲಿ ಗಡಿಯಾರ ವಿಭಾಗವನ್ನು ಪ್ರತ್ಯೇಕ ಕಂಪನಿ ಮಾಡಲಾಯಿತು. 2012-13ನೇ ಸಾಲಿನಲ್ಲಿ ಅದರ ನಷ್ಟ ಸುಮಾರು 242 ಕೋಟಿ ರೂಪಾಯಿ. 2014ರಲ್ಲಿ ಮುಚ್ಚುವ ತೀರ್ಮಾನದ ಸುದ್ದಿ ಬಂತು, 2016ರ ಜನವರಿಯಲ್ಲಿ ಸಂಪುಟದ ಮುದ್ರೆ ಬಿತ್ತು. ಶ್ರೀನಗರದ ಎಚ್‌ಎಂಟಿ ಚಿನಾರ್ ವಾಚಸ್ ಕೂಡ ಅದರೊಂದಿಗೇ ಮುಚ್ಚಿತು. ನೌಕರರಿಗೆ ಸ್ವಯಂ ನಿವೃತ್ತಿಯ ಪರಿಹಾರ ಕೊಡಲಾಯಿತು. ‘ಸ್ವಯಂ’ ಎಂಬ ಪದ ಅಲ್ಲಿ ಎಷ್ಟು ಸ್ವಯಂ ಆಗಿತ್ತೆಂಬುದು ಕಾರ್ಖಾನೆ ಮುಚ್ಚಿದ ಊರಿನವರಿಗೆಲ್ಲ ತಿಳಿದದ್ದೇ. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಜಾಲಹಳ್ಳಿಯಲ್ಲಿ 2019ರಲ್ಲಿ ಎಚ್‌ಎಂಟಿ ಪರಂಪರೆಯ ಮ್ಯೂಸಿಯಂ ತೆರೆಯಿತು.

ಮುಚ್ಚಿದ ಮೇಲೆ ಬಂದ ಬೆಲೆ

ಇಲ್ಲಿ ಒಂದು ವಿಚಿತ್ರವಿದೆ. ಅಂಗಡಿಯಲ್ಲಿ ಧೂಳು ಹಿಡಿದು ಕೂತಿದ್ದಾಗ ಯಾರಿಗೂ ಬೇಡವಾಗಿದ್ದ ಗಡಿಯಾರ ಮುಚ್ಚುವ ಸುದ್ದಿ ಬಂದ ಕೂಡಲೇ ಎಲ್ಲರಿಗೂ ಬೇಕಾಯಿತು. ಉಳಿದ ದಾಸ್ತಾನಿಗಾಗಿ ಜನ ಮುಗಿಬಿದ್ದರು. ಕೆಲವೇ ನೂರು ರೂಪಾಯಿಯ ಗಡಿಯಾರ ಕೈಯಿಂದ ಕೈಗೆ ಹೋಗುತ್ತ ಸಾವಿರಗಳಿಗೆ ಏರಿತು. ಸಂಗ್ರಾಹಕರ ಕೂಟಗಳು ಹುಟ್ಟಿದವು. ಯಾವ ವರ್ಷದ ‘ಪೈಲಟ್’ ಅಸಲಿ, ಯಾವ ‘ಜನತಾ’ದ ಮುಖ ಹಳೆಯದು ಎಂಬ ಪಾಂಡಿತ್ಯ ಬೆಳೆಯಿತು. ಅದರ ಬೆನ್ನಿಗೇ ಹಳೆಯ ಯಂತ್ರಕ್ಕೆ ಹೊಸ ಬಣ್ಣದ ಮುಖ ಅಂಟಿಸಿ ‘ಅಸಲಿ’ ಎಂದು ಮಾರುವ ದಂಧೆಯೂ ಬಂತು. ಮಾತೃಸಂಸ್ಥೆ ಎಚ್‌ಎಂಟಿ ಆ ಹೆಸರಿನ ಗಡಿಯಾರಗಳ ಮಾರಾಟವನ್ನು ಸಣ್ಣ ಪ್ರಮಾಣದಲ್ಲಿ ಮುಂದುವರಿಸಿತು. ಹೀಗಾಗಿ ಎಚ್‌ಎಂಟಿ ಪೂರ್ತಿ ಸತ್ತಿಲ್ಲ ಎಂಬ ಭಾವನೆ ಅಭಿಮಾನಿಗಳಲ್ಲಿ ಉಳಿಯಿತು.

2024ರ ಜೂನ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿ ಕೇಂದ್ರದ ಬೃಹತ್ ಕೈಗಾರಿಕೆ ಮತ್ತು ಉಕ್ಕು ಸಚಿವರಾದರು. ಎಚ್‌ಎಂಟಿಯ ಪುನಶ್ಚೇತನದ ಮಾತನ್ನು ಅವರು ಆಡಿದಾಗ ಗಡಿಯಾರದ ಅಭಿಮಾನಿಗಳ ಎದೆ ಮತ್ತೆ ಬಡಿಯಿತು. ಆದರೆ ಸರ್ಕಾರದ ಕಡತದಲ್ಲಿ ಎಚ್‌ಎಂಟಿ ಎಂದರೆ ಇಂದು ಮುಖ್ಯವಾಗಿ ಯಂತ್ರೋಪಕರಣದ ಕಂಪನಿ. ಜನರ ಮನಸ್ಸಿನಲ್ಲಿ ಮಾತ್ರ ಅದು ಗಡಿಯಾರ. ಅದೇ ವರ್ಷ ಜಾಲಹಳ್ಳಿ, ಪೀಣ್ಯದ ಎಚ್‌ಎಂಟಿ ವಶದ ಭೂಮಿ ಅರಣ್ಯದ್ದೆಂದು ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಅದನ್ನು ಮರಳಿ ಪಡೆಯಲು ಸೂಚಿಸಿದ್ದರಿಂದ ಕೇಂದ್ರ ಮತ್ತು ರಾಜ್ಯದ ನಡುವೆ ಜಗಳ ಹತ್ತಿತು. ನೂರಾರು ಎಕರೆಯ ಆ ಜಾಗದ ಬೆಲೆ ಇಂದಿನ ಬೆಂಗಳೂರಿನಲ್ಲಿ ಎಷ್ಟೆಂದು ಊಹಿಸಬಹುದು. ಅಭಿಮಾನಿ ಗಡಿಯಾರದ ಮುಳ್ಳನ್ನು ನೋಡುತ್ತಿದ್ದರೆ ಉಳಿದವರ ಕಣ್ಣು ನೆಲದ ಮೇಲಿದೆ.

ಮರಳಿದವರು, ಮರಳದವರು

ಹಳೆಯ ಕಂಪನಿಯ ಮರಳುವಿಕೆಯನ್ನು ಕಾಯುವವರು ಗಡಿಯಾರದವರು ಮಾತ್ರವಲ್ಲ. ಜಪಾನಿನ ಸೆಗಾ ಕಂಪನಿ ಟಿ.ವಿ.ಗೆ ಜೋಡಿಸಿ ಆಡುವ ಆಟದ ಪೆಟ್ಟಿಗೆಗಳನ್ನು 1983ರಿಂದ ಮಾಡುತ್ತಿತ್ತು. ಅದರ ಕೊನೆಯ ಪೆಟ್ಟಿಗೆ ಡ್ರೀಮ್‌ಕಾಸ್ಟ್ 1998ರ ನವೆಂಬರ್‌ನಲ್ಲಿ ಬಂತು, ಸುಮಾರು 90 ಲಕ್ಷ ಮಾರಾಟವಾಯಿತು, ಆದರೂ ಸೋನಿಯ ಮುಂದೆ ನಿಲ್ಲಲಾಗಲಿಲ್ಲ. 2001ರ ಜನವರಿ ಕೊನೆಗೆ ಸೆಗಾ ಪೆಟ್ಟಿಗೆ ಮಾಡುವುದನ್ನೇ ಬಿಡುವುದಾಗಿ ಸಾರಿತು. ಅಂದಿನಿಂದ ಜಗತ್ತಿನಾದ್ಯಂತ ಅದರ ಅಭಿಮಾನಿಗಳು ಹೊಸ ಪೆಟ್ಟಿಗೆಯ ಬಗ್ಗೆ ಊಹೆ ಕಟ್ಟುತ್ತಲೇ ಇದ್ದಾರೆ. ಕಂಪನಿ ಮಾತ್ರ ಬೇರೆಯವರ ಪೆಟ್ಟಿಗೆಗಳಿಗೆ ಆಟಗಳನ್ನು ಬರೆದು ಬದುಕಿಕೊಂಡಿತು. 2019ರಲ್ಲಿ ಹಳೆಯ ಮೆಗಾಡ್ರೈವ್‌ನ ಪುಟ್ಟ ಪ್ರತಿರೂಪವನ್ನು ಹೊರತಂದಿತು. ಅದು ಮರಳುವಿಕೆಯಲ್ಲ, ನೆನಪಿನ ಮಾರಾಟ. ಇದಕ್ಕೆ ಪ್ರತಿಯಾಗಿ ಬ್ರೆಜಿಲ್‌ನಲ್ಲಿ ಟೆಕ್‌ಟಾಯ್ ಎಂಬ ಸ್ಥಳೀಯ ಕಂಪನಿ ಸೆಗಾದ ಹಳೆಯ ಪೆಟ್ಟಿಗೆಗಳನ್ನು ಲೋಕ ಮರೆತ ಮೇಲೂ ದಶಕಗಳ ಕಾಲ ತನ್ನ ಜನರಿಗಾಗಿ ಮಾಡಿ ಮಾರಿತು. ಅಲ್ಲಿ ಅದು ನೆನಪಿನ ವಸ್ತುವಾಗಿರಲಿಲ್ಲ, ದುಬಾರಿ ಪೆಟ್ಟಿಗೆ ಕೊಳ್ಳಲಾಗದ ಮನೆಯ ಮಕ್ಕಳ ಆಟವಾಗಿತ್ತು.

ನಮ್ಮದೇ ಉದಾಹರಣೆ ಬೇಕೆಂದರೆ ಮೈಸೂರಿನ ಐಡಿಯಲ್ ಜಾವಾ ಇದೆ. ಮುಂಬಯಿಯ ಪಾರ್ಸಿ ಉದ್ಯಮಿ ರುಸ್ತುಂ ಇರಾನಿ ಮತ್ತು ಸಂಗಡಿಗರು 1960ರ ದಶಕದ ಆರಂಭದಲ್ಲಿ ಯಾದವಗಿರಿಯಲ್ಲಿ ಕಟ್ಟಿದ ಈ ಕಾರ್ಖಾನೆ ಜೆಕೊಸ್ಲೊವಾಕಿಯಾದ ಜಾವಾ ಬೈಕನ್ನೂ ಆಮೇಲೆ ಯೆಜ್ಡಿಯನ್ನೂ ಮಾಡಿತು. ಹಾಲಿನ ಕ್ಯಾನು ಕಟ್ಟಿಕೊಂಡು, ಮೂವರನ್ನು ಹೊತ್ತುಕೊಂಡು ಹಳ್ಳಿಯ ಹಾದಿಯಲ್ಲಿ ಓಡಿದ ಗಟ್ಟಿ ಗಾಡಿ ಅದು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಭಿಮಾನಿಗಳು ಎರಡು ದಶಕ ಕಾದರು, ವರ್ಷಕ್ಕೊಮ್ಮೆ ಜುಲೈ ತಿಂಗಳಲ್ಲಿ ಜಾವಾ ದಿನ ಆಚರಿಸಿದರು. ಅವರ ಹಾರೈಕೆ ಫಲಿಸಿತು. ರುಸ್ತುಂ ಅವರ ಮಗ ಬೊಮನ್ ಇರಾನಿಯೂ ಪಾಲುದಾರರಾಗಿರುವ, ಮಹೀಂದ್ರಾ ಬಂಡವಾಳದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರ ನವೆಂಬರ್‌ನಲ್ಲಿ ಜಾವಾವನ್ನೂ 2022ರ ಜನವರಿಯಲ್ಲಿ ಯೆಜ್ಡಿಯನ್ನೂ ಮರಳಿ ತಂದಿತು. ಆದರೆ ಬೈಕು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೆಸರು ಮರಳಿತು, ಕೆಲಸ ಮೈಸೂರಿಗೆ ಮರಳಲಿಲ್ಲ. ಯೆಜ್ಡಿ ಎಂಬ ಹೆಸರು ಯಾರ ಆಸ್ತಿ ಎಂಬುದೇ ವ್ಯಾಜ್ಯವಾಗಿ, ಅದು ಮುಚ್ಚಿದ ಕಂಪನಿಗೆ ಸೇರಿದ್ದೆಂದು 2022ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ತೀರ್ಪು ಕೊಟ್ಟಿತು. ಆ ತೀರ್ಪಿನ ವಿರುದ್ಧ ಮೇಲ್ಮನವಿ ಹೋಯಿತು. ಸತ್ತ ಕಾರ್ಖಾನೆಯಲ್ಲಿ ಬೆಲೆಯುಳ್ಳದ್ದಾಗಿ ಉಳಿಯುವುದು ಎರಡೇ: ನೆಲ ಮತ್ತು ಹೆಸರು. ಕಾರ್ಮಿಕನ ಕೈಗೆ ಎರಡೂ ಸಿಗುವುದಿಲ್ಲ.

ಫಾವ್ರ್ ಲ್ಯೂಬಾದ ಹಣೆಬರಹವೂ ಹೀಗೆಯೇ. ನಮ್ಮ ಅಜ್ಜಂದಿರು ಕಟ್ಟುತ್ತಿದ್ದ ಆ ಸ್ವಿಸ್ ಗಡಿಯಾರದ ಹೆಸರನ್ನು 2011ರಲ್ಲಿ ಟೈಟಾನೇ ಕೊಂಡುಕೊಂಡಿತು. 2023ರಲ್ಲಿ ಅದು ಇನ್ನೊಂದು ಭಾರತೀಯ ಸಂಸ್ಥೆಗೆ ಮಾರಾಟವಾಯಿತು. ಹೆಸರು ಸಂತೆಯ ಎತ್ತಿನಂತೆ ಕೈ ಬದಲಿಸುತ್ತದೆ.

ಹೆಸರು ಮತ್ತು ಕೈ

ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಯ ಹೆಸರಿನಲ್ಲೇ ಬೆಲ್ಲವಿದೆ. ಇಂದು ಅಲ್ಲಿ ದೊಡ್ಡ ಸಕ್ಕರೆ ಕಾರ್ಖಾನೆ ಇದೆ. ಸೀಮೆಯ ಕಬ್ಬು ಗಾಣಕ್ಕಿಂತ ಹೆಚ್ಚಾಗಿ ಕಾರ್ಖಾನೆಗೆ ಹೋಗುವ ಕಾಲದಲ್ಲೂ ಊರು ಬೆಲ್ಲದ್ದೇ ಆಗಿ ಉಳಿದಿದೆ. ಹೆಸರಿಗೆ ಇಂಥ ಆಯುಸ್ಸಿದೆ. ಅದು ವಸ್ತುವಿಗಿಂತ ಹೆಚ್ಚು ಬಾಳುತ್ತದೆ. ಆದರೆ ಹೆಸರಿನಲ್ಲಿ ಬೆಲ್ಲವಿದ್ದ ಮಾತ್ರಕ್ಕೆ ಆಲೆಮನೆಯ ಒಲೆ ಉರಿಯುವುದಿಲ್ಲ.

ಎಚ್‌ಎಂಟಿಯ ಮರಳುವಿಕೆಯನ್ನೂ ಹೀಗೆ ಬಿಡಿಸಿ ನೋಡಬೇಕು. ಹೆಸರನ್ನು ಯಾರಿಗಾದರೂ ಕೊಟ್ಟು, ಹೊರದೇಶದ ಯಂತ್ರಕ್ಕೆ ‘ಜನತಾ’ದ ಮುಖ ಕೂರಿಸಿ, ಹತ್ತು ಪಟ್ಟು ಬೆಲೆಗೆ ಮಾರಬಹುದು. ಇದು ಸುಲಭ, ಲಾಭವೂ ಬಂದೀತು. ಸಂಗ್ರಾಹಕನಿಗೆ ಸಂತೋಷವಾದೀತು. ಎರಡನೆಯದು, ಈಗಿರುವಂತೆ ಸಣ್ಣ ಪ್ರಮಾಣದಲ್ಲಿ ನೆನಪಿಗಾಗಿ ಮಾರುವುದು. ಮೂರನೆಯದು, ಸ್ಪ್ರಿಂಗಿನಿಂದ ಹಿಡಿದು ಮುಳ್ಳಿನವರೆಗೆ ಇಲ್ಲೇ ತಯಾರಿಸುವುದು. ಇದಕ್ಕೆ ಯಂತ್ರ ಬೇಕು, ಹಣ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಆ ವಿದ್ಯೆ ಬಲ್ಲ ಕೈಗಳು ಬೇಕು. ಆ ಕೈಗಳಿಗೆ ವಯಸ್ಸಾಗಿದೆ. ಮೊಬೈಲು ನೋಡಿ ಸಮಯ ತಿಳಿಯುವ ತಲೆಮಾರಿಗೆ ಗಡಿಯಾರವನ್ನು ಅಗತ್ಯದ ವಸ್ತುವಾಗಿ ಮಾರುವುದೂ ಸಾಧ್ಯವಿಲ್ಲ.

ಹಾಗಾದರೆ ಈ ನಿರೀಕ್ಷೆ ವ್ಯರ್ಥವೇ? ವ್ಯರ್ಥ ಎನ್ನಲಾಗದು. ಜನ ಹಂಬಲಿಸುತ್ತಿರುವುದು ಒಂದು ಯಂತ್ರಕ್ಕಾಗಿ ಮಾತ್ರವಲ್ಲ. ಬಡವನ ಕೈಗೂ ಎಟುಕುವ, ಗಟ್ಟಿಯಾದ, ಕೆಟ್ಟರೆ ಪಕ್ಕದ ಬೀದಿಯಲ್ಲಿ ಸರಿಯಾಗುವ, ಅಪ್ಪನಿಂದ ಮಗನಿಗೆ ದಾಟುವ ವಸ್ತುಗಳು ಇದ್ದವು ಎಂಬ ನೆನಪು ಅದು. ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟ ಸಂಸ್ಥೆಯನ್ನು ನಾವು ಕಟ್ಟಿದ್ದೆವು ಎಂಬ ಹೆಮ್ಮೆಯೂ ಅದರಲ್ಲಿದೆ. ಈ ಎರಡನ್ನೂ ಹಳೆಯ ಕಂಪನಿಯೇ ಮರಳಿ ಬಂದು ಕೊಡಬೇಕೆಂದಿಲ್ಲ. ಸಣ್ಣ ಪೇಟೆಯ ರಿಪೇರಿಯವನ ವಿದ್ಯೆಗೆ ಐಟಿಐಗಳಲ್ಲಿ ಜಾಗ ಸಿಕ್ಕರೆ, ಬಿಚ್ಚಿ ಜೋಡಿಸಲು ಬರುವ ವಸ್ತುಗಳನ್ನೇ ಮಾಡಬೇಕೆಂದು ಕಂಪನಿಗಳನ್ನು ಒತ್ತಾಯಿಸಿದರೆ, ಮುಚ್ಚಿದ ಕಾರ್ಖಾನೆಯ ನೆಲದಲ್ಲಿ ಅಪಾರ್ಟ್‌ಮೆಂಟಿನ ಬದಲು ಕೆಲಸ ಹುಟ್ಟಿದರೆ, ಎಚ್‌ಎಂಟಿಯ ಬಹುಪಾಲು ಮರಳಿದಂತೆಯೇ.

ನಾಳೆ ಯಾರಾದರೂ ‘ಜನತಾ’ ಎಂದು ಬರೆದ ಹೊಸ ಗಡಿಯಾರವನ್ನು ಮಾರುಕಟ್ಟೆಗೆ ತರಬಹುದು. ಅದನ್ನು ಕೈಗೆ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳೋಣ: ಇದನ್ನು ಯಾವ ಜನತೆ ತಯಾರಿಸಿತು? ಯಾವ ಜನತೆ ಇದನ್ನು ಕೊಳ್ಳಬಲ್ಲದು?